ಮಿಲ್ಕ್ ಆಫ್ ಮೆಗ್ನೀಷಿಯಾ: ಎಷ್ಟು, ಯಾವಾಗ?

ಪ್ರಶ್ನೆ: ಬೇಸಿಗೆಯಲ್ಲಿ ಮೂರ್ನಾಲ್ಕು ದಿನ ಹೊಟ್ಟೆ ಕಟ್ಟುತ್ತದೆ. ಮೆಡಿಕಲ್ ಶಾಪಿನವರು ಮಿಲ್ಕ್ ಆಫ್ ಮೆಗ್ನೀಷಿಯಾ ಕೊಟ್ಟಿದ್ದಾರೆ. ಎಷ್ಟು ಕುಡಿಯಲಿ? ಅತ್ತೆಗೂ ಕೊಡಬಹುದೇ? ಅವರಿಗೆ ಕಿಡ್ನಿ ತೊಂದರೆ ಇದೆ. (ಓದುಗರು, ಕುಮಟಾ)

ಉತ್ತರ: ಮೊದಲು ಅತ್ತೆಯವರ ವಿಷಯ. ಕೊಡಬೇಡಿ. ಮೆಗ್ನೀಷಿಯಂ ಮೂತ್ರದಲ್ಲಿ ಹೊರಹೋಗಬೇಕು; ಕಿಡ್ನಿ ಸೋತಿದ್ದರೆ ರಕ್ತದಲ್ಲೇ ಉಳಿದು ವಿಪರೀತ ನಿಶ್ಶಕ್ತಿ ಬರುತ್ತದೆ, ಬಿಪಿ ಇಳಿಯುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ. ಅವರಿಗೆ ಬೇರೆ ಔಷಧ ಡಾಕ್ಟರೇ ಹೇಳಲಿ.

ಇನ್ನು ನೀವು. ಲೇಬಲ್ ನೋಡಿ. 5 ಮಿ.ಲೀ.ಗೆ 400 ಮಿ.ಗ್ರಾಂ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಎಂದಿದ್ದರೆ ವಯಸ್ಕರಿಗೆ ದಿನಕ್ಕೊಮ್ಮೆ 30 ಮಿ.ಲೀ. ಸಾಕು. ಬಿಳಿ ಪುಡಿ ತಳದಲ್ಲಿ ಕೂತಿರುತ್ತದೆ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಅಳತೆಗೆ ಮುಚ್ಚಳದ ಗೆರೆಯೇ ಬೇಕು, ಅಡುಗೆಮನೆ ಚಮಚ ಬೇಡ. ಮೇಲಿಂದ ತುಂಬಿದ ಲೋಟ ನೀರು ಕುಡಿಯಿರಿ. ಇದು ಕರುಳಿಗೆ ನೀರೆಳೆದು ಮಲ ಮೆದು ಮಾಡುವ ಔಷಧ. ಕರಾವಳಿಯ ಸೆಕೆಗೆ ಬೆವರಿ ಒಣಗಿದ ಮೈಯಲ್ಲಿ ಎಳೆಯಲು ನೀರೆಲ್ಲಿದೆ? ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಕೆಲಸ ಮಾಡುತ್ತದೆ. ಹಾಗಾಗಿ ಕುಡಿದು ಕಾರವಾರದ ಬಸ್ಸು ಹತ್ತಬೇಡಿ!

ಲೇಬಲ್ಲಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆ ಕೂಡ ಇದ್ದರೆ ಅದರ ಅಳತೆ ಬೇರೆ. ಮಲಗಿಕೊಂಡು ಕುಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು.

ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲವಾದರೆ ಮಾತ್ರೆ ಮೈಗೆ ಹತ್ತದು. ಕಬ್ಬಿಣದ ಮಾತ್ರೆ, ಆ್ಯಂಟಿಬಯೋಟಿಕ್ ಇದ್ದರೂ ಅಂತರ ಕೇಳಿಕೊಳ್ಳಿ. ಒಂದು ವಾರಕ್ಕಿಂತ ಹೆಚ್ಚು ಬೇಡ. ಹೊಟ್ಟೆನೋವು, ವಾಂತಿ, ಮಲದಲ್ಲಿ ರಕ್ತ ಇದ್ದರೆ ಬಾಟಲಿ ಮುಟ್ಟದೆ ಆಸ್ಪತ್ರೆಗೆ ಹೋಗಿ.