ಬೆಳಗಾವಿಗೆ ಬಂದರೆ ಸೀತವ್ವನ ಬಗ್ಗೆಯೂ ಕೇಳಿ

ನಿಮ್ಮ ಕಡೆ ದೊಡ್ಡ ಹೆಣ್ಣುಮಗಳು ಅಂದ್ರೆ ಚೆನ್ನಮ್ಮ, ಅಲ್ವಾ ಅಂತ ಕೇಳಿದಿರಿ. ಹೌದು. ಆಕೆ ಹುಟ್ಟಿದ ಕಾಕತಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಧಾರವಾಡದ ಬಸ್ ಹತ್ತಿದರೆ ದಾರಿಯಲ್ಲೇ ಕಿತ್ತೂರು. ಮಗ ತೀರಿಕೊಂಡ, ದತ್ತು ತೆಗೆದುಕೊಂಡದ್ದನ್ನು ಕಂಪನಿಯವರು ಒಪ್ಪಲಿಲ್ಲ, ಖಜಾನೆಗೆ ಕೈ ಹಾಕಲು ಬಂದರು. 1824ರ ಅಕ್ಟೋಬರ್ 23ರಂದು ಕೋಟೆ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. 1857ಕ್ಕಿಂತ 33 ವರ್ಷ ಮೊದಲಿನ ಮಾತು ಇದು. ಡಿಸೆಂಬರ್‌ನಲ್ಲಿ ಕಂಪನಿಯವರು ದೊಡ್ಡ ದಂಡು ತಂದು ಕೋಟೆ ಹಿಡಿದರು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಮಾಧಿ ಅಲ್ಲೇ ಇದೆ, ಹೋಗಿ ಬನ್ನಿ.

ಇಷ್ಟು ನಿಮಗೆ ಯಾರಾದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ದೇವದಾಸಿ ಪದ್ಧತಿಯ ವಿರುದ್ಧ ದುಡಿದ ಸೀತವ್ವ ಜೋಡಟ್ಟಿ ಅವರ ಬಗ್ಗೆ.

ನಮ್ಮಲ್ಲಿ ಸವದತ್ತಿ ಯಲ್ಲಮ್ಮನಿಗೆ ನಡೆದುಕೊಳ್ಳದ ಮನೆ ಕಡಿಮೆ. ಜಾತ್ರೆಗೆ ಕರ್ನಾಟಕದವರಷ್ಟೇ ಅಲ್ಲ, ಸಾಂಗ್ಲಿ, ಕೊಲ್ಲಾಪುರದವರೂ ಬರುತ್ತಾರೆ. ಒಬ್ಬರು ಉಧೋ ಉಧೋ ಅಂದರೆ ಇನ್ನೊಬ್ಬರು ಉದೇ ಗ ಆಯಿ ಅನ್ನುತ್ತಾರೆ, ಭಂಡಾರದ ಅರಿಶಿನ ಎಲ್ಲರ ಹಣೆಗೂ ಒಂದೇ. ಆ ದೇವಿಯ ಹೆಸರಿನಲ್ಲೇ ಬಡವರ, ಅದರಲ್ಲೂ ದಲಿತರ ಮನೆಯ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಕೆಂಪು ಬಿಳಿ ಮಣಿಯ ಒಂದು ಸರ, ಅಷ್ಟೇ. ಅದು ಕೊರಳಿಗೆ ಬಿತ್ತೆಂದರೆ ಆಕೆಗೆ ಮದುವೆ ಇಲ್ಲ, ಊರಿನ ಯಾವನೋ ಒಬ್ಬ ಇಟ್ಟುಕೊಳ್ಳುತ್ತಾನೆ, ಬೇಡವಾದಾಗ ಬಿಡುತ್ತಾನೆ, ಎಷ್ಟೋ ಜನ ಮುಂಬೈ ಪುಣೆಯ ಓಣಿಗಳಿಗೆ ಹೋಗಿ ಸೇರಿದರು. ಸೀತವ್ವ ಅವರಿಗೆ ಮುತ್ತು ಕಟ್ಟಿದಾಗ ಏಳು ವರ್ಷ.

1982ರಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂತು. ಆದರೆ ಮನೆಯೊಳಗೆ ಕದ್ದುಮುಚ್ಚಿ ಮುತ್ತು ಕಟ್ಟಿದರೆ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದು ಅದೇ ಓಣಿಯ ಹೆಂಗಸರಿಗೆ. ಘಟಪ್ರಭಾದ ಮಾಸ್ ಸಂಸ್ಥೆಯನ್ನು, ಅಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು, ನಡೆಸಿ ಬೆಳೆಸಿದವರು ಹಿಂದೆ ದೇವದಾಸಿಯರಾಗಿದ್ದವರೇ. ಸೀತವ್ವ ಅದರ ಮುಂದಾಳು. ಈ ಹೆಂಗಸರು ಮನೆ ಮನೆಗೆ ಹೋಗಿ ಕೂತು ಮಾತಾಡಿದರು. ದೇವಿ ಮುನಿಯುತ್ತಾಳೆ ಎಂದು ಹೆದರುವ ತಾಯಿಗೆ, ನನಗೂ ಕಟ್ಟಿದ್ದರವ್ವ, ನನ್ನ ಬಾಳು ಏನಾಯಿತು ನೋಡು ಎಂದು ಹೇಳುವುದು ಅಧಿಕಾರಿಯ ಕೈಲಿ ಆಗುತ್ತದಾ? ಸಂಘ ಮಾಡಿ ಹಣ ಕೂಡಿಸಿದರು, ಸಾಲಕ್ಕೆ ಯಾರ ಮನೆ ಬಾಗಿಲಿಗೂ ಹೋಗದ ಹಾಗೆ. ಸೀತವ್ವ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನನಗಂತೂ ಆ ದಿನ ಬಹಳ ಹೆಮ್ಮೆ ಆಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ತಂದೆಯ ಹೆಸರು ಅಂತ ಒಂದು ಸಾಲು ಇರುತ್ತದೆ. ನಾವು ಯೋಚನೆ ಮಾಡದೆ ಬರೆದು ಮುಂದಕ್ಕೆ ಹೋಗುತ್ತೇವೆ. ಈ ತಾಯಂದಿರಿಗೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿರುತ್ತಾರೆ, ಮಗು ಪಕ್ಕದಲ್ಲೇ ಇರುತ್ತದೆ. ಅಲ್ಲಿ ತಲೆ ಎತ್ತಿ, ನನ್ನ ಹೆಸರೇ ಬರೆದುಕೊಳ್ಳಿ ಸರ್ ಎನ್ನುವ ಧೈರ್ಯ ಈ ಹೆಂಗಸರಿಗೆ ಒಬ್ಬರಿಂದ ಒಬ್ಬರಿಗೆ ಬಂತು.

ಕಿತ್ತೂರು ನೋಡಲು ಒಂದು ದಿನ ಸಾಕು. ಇನ್ನೊಂದು ದಿನ ಇಟ್ಟುಕೊಂಡು ಬನ್ನಿ, ಘಟಪ್ರಭಾ ಕಡೆಗೂ ಹೋಗೋಣ.