ರಾತ್ರಿ ಪಾಳಿ ಕೊಡದೆ ಪ್ರಮೋಷನ್ ತಪ್ಪಿಸಬಹುದಾ? (ಸಂಡೂರಿನ ಗಣಿಯಲ್ಲಿರುವ ಮಹಿಳಾ ಎಂಜಿನಿಯರ್ ಪ್ರಶ್ನೆ)

ಕಾನೂನಿನ ನೆಪ ಈಗ ನಡೆಯಲ್ಲ. 1952ರ ಗಣಿ ಕಾಯ್ದೆ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಹೆಂಗಸರಿಗೆ ಗಣಿ ಕೆಲಸ ಬೇಡ ಅಂದಿತ್ತು, ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿತು. ಸಂಡೂರಿನಂಥ ಬಯಲು ಗಣಿಯಲ್ಲಿ ರಾತ್ರಿ ಪಾಳಿಗೂ ದಾರಿಯಾಯಿತು. ಹಟ್ಟಿಯಂಥ ನೆಲದಡಿಯ ಗಣಿಗೆ ಮಾತ್ರ ಆಗ ಹಗಲಷ್ಟೇ ಅವಕಾಶವಿತ್ತು.

ಷರತ್ತು ಹೀಗಿತ್ತು: ಲಿಖಿತ ಒಪ್ಪಿಗೆ ಬೇಕು, ಪಾಳಿಯಲ್ಲಿ ಕನಿಷ್ಠ 3 ಹೆಂಗಸರು ಇರಬೇಕು. ತೊಡಕು ಈ ಮೂರರಲ್ಲೇ. ಇಡೀ ಗಣಿಗೆ ನೀವೊಬ್ಬರೇ ಮಹಿಳಾ ಎಂಜಿನಿಯರ್ ಆಗಿದ್ದರೆ ಇನ್ನಿಬ್ಬರು ಎಲ್ಲಿಂದ ಬರಬೇಕು, ಅಲ್ವಾ? ಲ್ಯಾಬ್, ವೇಬ್ರಿಡ್ಜ್‌ನ ಹೆಣ್ಣುಮಕ್ಕಳು ಒಪ್ಪಿದರೆ ಅವರನ್ನೂ ಅದೇ ಪಾಳಿಗೆ ಹಾಕಿ ಅಂತ ಕೇಳಿ. ನಿಮ್ಮ ಒಪ್ಪಿಗೆಯನ್ನು ಮೇಲ್‌ನಲ್ಲೇ ಕಳಿಸಿ. ಸುಮ್ನೆ ಬಾಯಲ್ಲಿ ಹೇಳಿದರೆ ಅಪ್ರೈಸಲ್ ಹೊತ್ತಿಗೆ ‘ಮೇಡಂ ಅವರೇ ಬೇಡ ಅಂದ್ರು’ ಅಂತಾರೆ.