ಜಿಟಿಎ 6 ಬಿಡುಗಡೆಯ ದಿನವೇ ಪಿಸಿಗೂ ಬರುತ್ತದಾ?

ಇಲ್ಲ ಅಂತಲೇ ಇಟ್ಟುಕೊಳ್ಳಿ. ಗ್ರ್ಯಾಂಡ್ ಥೆಫ್ಟ್ ಆಟೋ (ಜಿಟಿಎ) ಎಂಬ ಈ ವಿಡಿಯೊ ಗೇಮನ್ನು ಎರಡು ಸಲ ಮುಂದೂಡಿದ ಮೇಲೆ, ಅದನ್ನು ತಯಾರಿಸುವ ರಾಕ್‌ಸ್ಟಾರ್ ಕಂಪನಿ ಕೊಟ್ಟಿರುವ 2026ರ ನವೆಂಬರ್ 19ರ ದಿನಾಂಕ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ ಕನ್ಸೋಲ್‌ಗಳಿಗಷ್ಟೇ.

ಕನ್ಸೋಲ್ ಅಂದರೆ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆ. ಒಂದೇ ಮಾದರಿಯಾದರೆ ಯಾರ ಮನೆಯಲ್ಲಿದ್ದರೂ ಒಳಗಿನ ಭಾಗಗಳು ಒಂದೇ, ಹಾಗಾಗಿ ಆಟವನ್ನು ಅದಕ್ಕೆ ಹೊಂದಿಸುವುದು ಸುಲಭ. ಪಿಸಿ ಹಾಗಲ್ಲ. ಶಿವಮೊಗ್ಗದಲ್ಲಿರುವ ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ, ಅಂದರೆ ಆಟದ ಚಿತ್ರ ಮೂಡಿಸುವ ಭಾಗಕ್ಕೆ, ಎಂಟು ವರ್ಷ. ತೀರ್ಥಹಳ್ಳಿಯ ಚಿಕ್ಕಪ್ಪನ ಮಗ ಅಡಿಕೆ ಮಾರಿದ ದುಡ್ಡಲ್ಲಿ ಹೋದ ವರ್ಷ ಹೊಸದು ಹಾಕಿಸಿಕೊಂಡ. ಎರಡರಲ್ಲೂ ಅದೇ ಆಟ ತಡವರಿಸದೆ ಓಡಬೇಕು. ಇಂಥ ಲೆಕ್ಕವಿಲ್ಲದಷ್ಟು ಜೋಡಣೆಗಳಲ್ಲಿ ಪರೀಕ್ಷಿಸಿ ತಿದ್ದಲು ಬೇರೆಯೇ ಸಮಯ ಬೇಕು.

ಹಿಂದೆಯೂ ಹೀಗೇ ಆಗಿದೆ. ಜಿಟಿಎ 5 ಕನ್ಸೋಲ್‌ಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ಅದೇ ಕಂಪನಿಯ ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಗೆ ಬರಲು ಒಂದು ವರ್ಷ ಹಿಡಿಯಿತು.

ಆಸೆ ಮಾತ್ರ ಬಿಡುವುದಿಲ್ಲ, ನನಗೂ ಅಷ್ಟೇ. ಮೊನ್ನೆ ಮಳೆಗೆ ಕರೆಂಟ್ ಹೋದಾಗ ಚಿಕ್ಕಪ್ಪನ ಆ ಮಗ ಮೊಬೈಲಲ್ಲಿ ಜಿಟಿಎ 6ರ ಎರಡನೇ ಟ್ರೇಲರ್ ನಿಲ್ಲಿಸಿ ನಿಲ್ಲಿಸಿ, ಕಾರುಗಳ ನಂಬರ್ ಪ್ಲೇಟಿನಲ್ಲಿ ಪಿಸಿ ದಿನಾಂಕದ ಸುಳಿವು ಹುಡುಕುತ್ತಿದ್ದ. ಆದರೆ ಆ ಟ್ರೇಲರಿನ ದೃಶ್ಯಗಳನ್ನು ಸೆರೆಹಿಡಿದದ್ದೇ ಪ್ಲೇಸ್ಟೇಷನ್ 5ರಲ್ಲಿ.

ಈ ಆಟಕ್ಕೆಂದೇ ಈಗ ಕಾರ್ಡ್ ಕೊಳ್ಳಬೇಡಿ. ಪಿಸಿಗೆ ಎಂಥ ಯಂತ್ರ ಬೇಕೆಂದು ಕಂಪನಿ ಹೇಳಿದ ಮೇಲೆ ಕೊಂಡರಾಯಿತು.